ಬರ್ಫದ ಗುಡ್ಡಕ್ಕ ಮಚ್ಛೆಯ ಹಿತ್ತಾಳಿ ಜೆಟ್

ಓದೋ ಹಿರ್ಯಾರಿಗೆ, ಅಣ್ಣತಮ್ಮಂದ್ರಿಗೆ, ಅಕ್ಕತಂಗ್ಯಾರಿಗೆ ನನ್ನ ಶರಣು. ನಾ ಸಣ್ಣಾವಿದ್ದಾಗ ಸಾಲಿ ಕಲ್ತಾಂವ ಅಲ್ಲ. ಮೊದಲ ಕುರಿ ಕಾಯ್ದು, ಆಮ್ಯಾಲ ಗ್ಯಾರೇಜ ಸೇರಿದ್ನಿ. ಅಕ್ಷರ ಕೂಡಿಸಿ ಓದಾಕ ಬಂದಿದ್ದು ಮೂವತ್ನಾಕು ವರ್ಷ ಆದ ಮ್ಯಾಲ. ಇದನ್ನ ಫೋನಿನ್ಯಾಗ ಒಂದ ಬೆರಳಿಂದ ಒತ್ತಿ ಒತ್ತಿ ಬರದೇನಿ, ಹನ್ನೊಂದು ದಿನ ಹಿಡೀತು. ಎಲ್ಲೆರ ಒತ್ತಕ್ಷರ ತಪ್ಪಿದ್ರ, ಹೇಳಿದ್ದ ಎರಡು ಸಲ ಹೇಳಿದ್ರ, ನಿಮ್ಮ ಮನಿ ಮನಿಷ್ಯಾ ಅಂತ ತಿಳದು ಮಾಫ್ ಮಾಡ್ರಿ.

ಆಟೋ ನಗರ

ನಂದು ಬೆಳಗಾವಿ ಆಟೋ ನಗರದಾಗ ಸಣ್ಣ ಗ್ಯಾರೇಜ. ನೀಲಿ ಹೊಗಿ ಬಿಡೋ ಟೂ-ಸ್ಟ್ರೋಕ್ ಮೋಟರಸೈಕಲ್ ನಿಮಗ ನೆಪ್ಪ ಇರಬೇಕು, ಪೆಟ್ರೋಲಿನ್ಯಾಗ ಆಯಿಲ್ ಕಲಸಿ ಹಾಕ್ತಿದ್ವಲ್ಲ, ಅವು. ಆ ಗಾಡಿ ಇದ್ದ ಕಾಲದಾಗ ನಮ್ಮ ವಸ್ತಾದ ಮೌಲಾಸಾಬರ ಬಾಗಲದಾಗ ಮುಂಜಾನೆ ಎಂಟಕ್ಕ ಪಾಳಿ ಹತ್ತತಿತ್ತು. ಅವರ ಕೈಯಾಗ ನಾವು ಇಬ್ಬರು ತಯಾರಾದ್ವಿ, ನಾ ಮತ್ತ ಖಾನಾಪುರದ ನಾರಾಯಣ. ಅವನ ಮನಿ ಮಾತು ಮರಾಠಿ, ನಂದು ಕನ್ನಡ, ಗ್ಯಾರೇಜಿನ ಮಾತು ಎರಡೂ ಕೂಡಿದ್ದು. ನನಗ ಅಂವ ನಾರ್ಯಾ, ಅವಗ ನಾ ಬೀರ್ಯಾ. ತಗಡು ಪತ್ರಾ ಬಗ್ಗಸೂದು, ವೆಲ್ಡಿಂಗ್, ಸೈಲೆನ್ಸರ್, ಇವಕ್ಕ ನಾರ್ಯಾನ ಕೈ. ಕಾರ್ಬೊರೇಟರಿಗೆ ನನ್ನ ಕಿವಿ.

ಕಾರ್ಬೊರೇಟರ್ ಅಂದ್ರ ಪೆಟ್ರೋಲಿಗೆ ಗಾಳಿ ಕೂಡಿಸೋ ಡಬ್ಬಿ. ಅದರ ಒಳಗ ಜೆಟ್ ಅಂತ ಒಂದು ಹಿತ್ತಾಳಿ ತುಂಡು ಇರ್ತೈತಿ, ಕಡ್ಲಿಕಾಳಿನಷ್ಟು, ನಡುವ ಕೂದಲಿನಂಥಾ ತೂತು. ತೂತು ದೊಡ್ಡದಿದ್ರ ಪೆಟ್ರೋಲ್ ಹೆಚ್ಚು ಹೊಕ್ಕು ಗಾಡಿ ಕೆಮ್ಮತೈತಿ, ಕಿಡಿ ಹೊಡಿಯೋ ಪ್ಲಗ್ ಕರ್ರಗ ಆಗ್ತೈತಿ. ಸಣ್ಣದಿದ್ರ ಪೆಟ್ರೋಲ್ ಸಾಲದ ಇಂಜಿನ್ ಕಾದು ಪಿಸ್ಟನ್ ಸುಟ್ಟು ಹಿಡದು ಬಿಡ್ತೈತಿ, ಪ್ಲಗ್ ಬೆಳ್ಳಗ ಆಗ್ತೈತಿ. ಪ್ಲಗ್ ಬಿಚ್ಚಿದಾಗ ಖಾನಾಪುರ ಹಂಚಿನ ಕಂದು ಬಣ್ಣ ಕಂಡ್ರ ಸಾಕು, ಬೋಲ್ಟ್ ಬಿಗೀರಿ ಅಂತಿದ್ರು ವಸ್ತಾದ.

ಅವರದೊಂದು ನೇಮ ಇತ್ತು. ಗಾಳಿ-ಪೆಟ್ರೋಲಿನ ಮಿಕ್ಸ್ಚರ್ ಕೂಡಿಸಿದಾಂವ, ಗಾಡಿ ಮೊದಲ ಸಲ ಘಾಟ ಏರುವಾಗ ಗಿರಾಕಿ ಹಿಂದ ಕುಂದರಬೇಕು. ಜಾಂಬೋಟಿ ದಾಟಿ ಚೋರ್ಲಾ ಘಾಟಿಗೆ ಎಷ್ಟು ಸಲ ಹಂಗ ಹೋಗೇನಿ ಅಂತ ಲೆಕ್ಕ ಇಲ್ಲ. ಗಾಡಿ ಕೆಟ್ರ ಗಿರಾಕಿ ಕೂಡ ನಾವೂ ದೂಡಬೇಕು. ಮಳಿ ಇರ್ಲಿ, ಬಿಸಲಿರ್ಲಿ, ಮದವಿ ಇರ್ಲಿ, ಮಾಫಿ ಇರ್ಲಿಲ್ಲ.

ವಸ್ತಾದ ತೀರಿಕೊಂಡು ಬಾಳ ವರ್ಷ ಆತು, ಟೂ-ಸ್ಟ್ರೋಕೂ ಹೋದವು. ಈಗ ಗಾಡಿಗೆ ವೈರ್ ಚುಚ್ಚಿ ಪರದೆ ನೋಡೋದು. ಅದನ್ನೂ ಕಲ್ತೇನಿ, ಹೊಟ್ಟಿ ನಡೀತೈತಿ. ಖರೇ ಕಿವಿಗೆ ಮಾತ್ರ ಕೆಲಸ ಇಲ್ಲ.

ನಾರ್ಯಾ ದುಬೈದಾಗ ಮರಳ ಮ್ಯಾಲ ಓಡೋ ಗಾಡಿ ರಿಪೇರಿ ಮಾಡ್ತಿದ್ದ. ಅಲ್ಲಿಂದ ಜಾರ್ಜಿಯಾ ಅನ್ನೋ ದೇಶಕ್ಕ ಹೋದ. ರಷ್ಯಾದ ಕೆಳಗ, ತುರ್ಕಿ ದೇಶದ ಬಾಜೂ ಐತಿ, ಬರೇ ಗುಡ್ಡ. ಗೆಲಾ ಅನ್ನೋ ಹಿರಿ ಮನಿಷ್ಯಾನ ಹತ್ರ ಸ್ನೋಮೊಬೈಲ್ ನೋಡಿಕೊಳ್ಳೋ ಕೆಲಸ. ಮುಂದ ಎರಡು ಜಾರೋ ಪಟ್ಟಿ, ಹಿಂದ ಟ್ಯಾಂಕಿನಂಗ ರಬ್ಬರ್ ಪಟ್ಟಾ, ಬರ್ಫದ ಮ್ಯಾಲ ಹೋಗೋ ಗಾಡಿ ಅದು. ಅದಕ್ಕೊಂದು ಬಂಡಿ ಕಟ್ಟಿ, ರಸ್ತಾ ಮುಚ್ಚಿದ ಮ್ಯಾಲಿನ ಹಳ್ಳಿಗೆ ಹಿಟ್ಟು, ಔಷಧ ಮುಟ್ಟಸೂದು ಗೆಲಾನ ಕೆಲಸ. ಗುಡ್ಡಕ್ಕ ಶಕ್ತಿ ಸಾಲವಲ್ದು ಅಂತ ನಾರ್ಯಾ ಉದ್ದ ಪಟ್ಟಾ ಹಾಕಿದ, ಕಾರ್ಬೊರೇಟರಿನ ಬಾಯಿ ಅಗಲ ಮಾಡಿಸಿದ, ತನ್ನ ಕೈಲೆ ಹೊಸಾ ಸೈಲೆನ್ಸರ್ ಬಡದು ಕುಂದ್ರಿಸಿದ. ಶಕ್ತಿ ಬಂತು, ಮಿಕ್ಸ್ಚರ್ ಹೋತು. ಎರಡು ಪಿಸ್ಟನ್ ಸುಟ್ಟವು.

ಹೋದ ಚಳಿಗಾಲದಾಗ ಫೋನ್ ಮಾಡಿ ಇದನ್ನೆಲ್ಲಾ ಹೇಳಿದ. ಉಳದದ್ದು ಒಂದ ಜೋಡಿ ಪಿಸ್ಟನ್ ಅಂತ, ಅವೂ ಸುಟ್ರ ಗೆಲಾ ಗಾಡಿ ಮಾರಿ ಇವನನ್ನ ಊರಿಗೆ ಕಳಸ್ತಾನಂತ. ಇಂಜಿನ್ ಸಪ್ಪಳ ಕೇಳಿಸು ಅಂದ್ನಿ. ಬಾಜೂ ಲೇಥಿನ ಗದ್ದಲಕ್ಕ ನಾ ಗಿರಾಕಿ ಕಾರಿನ್ಯಾಗ ಕುಂತು ಗ್ಲಾಸ್ ಏರಿಸಿ ಕೇಳಿದ್ನಿ. ಫೋನಿನ್ಯಾಗ ಎಲ್ಲಾ ಇಂಜಿನ್ನೂ ಹಿಟ್ಟಿನ ಗಿರಣಿನ.

ಆಗ ನಾರ್ಯಾ ಅಂದ, "ಬೀರ್ಯಾ, ನೀ ಬಾರ್ಲೇ. ಸೈಲೆನ್ಸರ್ ನಂದು, ಕಾರ್ಬೊರೇಟರ್ ನಿಂದು. ಮೊದಲಿಂದ್ಲೂ ಹಂಗ ಐತೆಲ್ಲ."

ಮಚ್ಛೆ

ಬೆಳಗಾವಿ ಬಾಜೂದ ಮಚ್ಛೆದಾಗ ಬಸಣ್ಣ ಅಂತ ನಮ್ಮ ದೋಸ್ತ, ಸಣ್ಣ ಲೇಥ್ ಇಟ್ಟಾನ. ಅವನ ಕಡಿಂದ ಹನ್ನೆರಡು ಜೋಡಿ ಜೆಟ್ ಹಿತ್ತಾಳ್ಯಾಗ ಮಾಡಿಸಿದ್ನಿ, ಒಂದಕ್ಕಿಂತ ಒಂದರ ತೂತು ಎಳಿಯಷ್ಟು ದೊಡ್ಡದು. ಇವನ್ನ ಈಗ ಯಾರು ಕೇಳ್ತಾರೋ ಮಾರಾಯಾ ಅಂತ ಬಸಣ್ಣ ಕೇಳಿದ. ಜಾರ್ಜಿಯಾದವರು ಅಂದ್ನಿ. ಅಂವ ನಕ್ಕ, ಖರೇ ಅಂತ ತಿಳೀಲಿಲ್ಲ.

ಮನ್ಯಾಗ ನನ್ನ ಹೆಂಡತಿ ಶೇಂಗಾ ಚಟ್ನಿ ಕಟ್ಟಿಕೊಡ್ತಾ ಒಂದ ಮಾತು ಅಂದ್ಲು. "ನಮ್ಮ ಮನಿ ನಳಾ ಸೋರಾಕ ಹತ್ತಿ ತಿಂಗಳಾತು. ನೀವು ಪರದೇಶದ ಪೆಟ್ರೋಲ್ ಸರಿ ಮಾಡಾಕ ಹೊಂಟ್ರಿ."

ಆ ನಳಾ ರಿಪೇರಿ ಮಾಡೇ ಹೊಂಟ್ನಿ ಅಂತ ಇಲ್ಲಿ ಬರದ ಇಡ್ತೇನಿ, ಯಾಕಂದ್ರ ಆಕಿನೂ ಇದನ್ನ ಓದ್ತಾಳ.

ಪರದೇಶದ ವಿಮಾನ ನಿಲ್ದಾಣ

ಮೊದಲ ಸಲ ವಿಮಾನ. ಅಲ್ಲಿ ಇಳಿದ ಮ್ಯಾಲ ಒಬ್ಬ ಸಾಹೇಬ ನನ್ನ ಚೀಲ ತಗಸಿದ. ಚಟ್ನಿ ಮೂಸಿ ನೋಡಿ ಸೀನಿದ, ಬಿಟ್ಟ. ಜೆಟ್ಟಿನ ಡಬ್ಬಿ ಬಿಡಲಿಲ್ಲ. ಒಂದು ಎತ್ತಿ, ಕಣ್ಣಿಗೆ ಹಿಡದು, ತೂತಿನ್ಯಾಗ ದೀಪ ನೋಡಿದ. ಅವನ ಭಾಷಾ ನನಗ ಬರಂಗಿಲ್ಲ, ನಂದು ಅವಗ ಬರಂಗಿಲ್ಲ. ಹೆಂಗ ಹೇಳೋದು? ಕೈಯಾಗ ಹ್ಯಾಂಡಲ್ ಹಿಡದಂಗ ಮಾಡಿ, ಬಾಯಿಲೆ ಗಾಡಿ ಚಾಲೂ ಮಾಡಿದ್ನಿ. ಮೊದಲ ಕೆಮ್ಮೋ ಇಂಜಿನ್. ಆಮ್ಯಾಲ ಜೆಟ್ ತೋರಿಸಿ, ಹಾಕಿದಂಗ ಮಾಡಿ, ಚಲೋ ಓಡೋ ಇಂಜಿನ್. ಅಂವ ಗಪ್ಪ ನಿಂತು ಕೇಳಿದ. ಆಮ್ಯಾಲ ಬಾಜೂದ ಟೇಬಲ್ಲಿನಾವನ್ನ ಕರದು, ಮತ್ತೊಮ್ಮೆ ಮಾಡು ಅಂತ ಕೈ ಮಾಡಿದ. ಮತ್ತ ಮಾಡಿದ್ನಿ. ನನ್ನ ಹಿಂದ ಪಾಳಿಯೊಳಗ ನಿಂತಾವರು ಚಪ್ಪಾಳಿ ಹೊಡದ್ರು. ನಾಚಿಕಿ ಬಂತು, ಖರೇ ಡಬ್ಬಿ ಕೈಗೆ ಬಂತು.

ಗೆಲಾನ ಶೆಡ್

ಬಸ್ಸಿನ್ಯಾಗ ಒಂದು ದಿನ ಗುಡ್ಡ ಏರಿ ಹೋಗೂದು. ಇಳಿದ ಕೂಡ್ಲೆ ಮೂಗಿನ ಒಳಗ ಕೂದಲು ಗಟ್ಟಿ ಆದವು. ನಾರ್ಯಾ ನಿಂತಿದ್ದ, ಕುರಿ ಉಣ್ಣೆ ಟೊಪಗಿ ಹಾಕ್ಕೊಂಡು. ಹದಿನಾಕು ವರ್ಷದ ಮ್ಯಾಲ ಭೆಟ್ಟಿ. ಏನೇನೋ ಮಾತಾಡ್ಬೇಕು ಅಂತ ವಿಮಾನದಾಗ ಕೂಡಿಸಿ ಇಟ್ಟಿದ್ನಿ. ಅಂವ ನನ್ನ ಮಾರಿ ನೋಡಿ, ಮುದುಕ ಆದೆಲ್ಲೋ ಅಂದ. ನೀ ಏನ್ ಮದಮಗ ಇದ್ದೀ ಅಂದ್ನಿ. ಅಷ್ಟ, ಮಾತು ಮುಗೀತು. ಇಬ್ಬರೂ ಶೆಡ್ ಕಡೆ ನಡದ್ವಿ.

ಶೆಡ್ಡಿನ ಕದಾ ತಗದಾಗ ವಾಸನಿ ಬಂತು ನೋಡ್ರಿ. ಪೆಟ್ರೋಲ್, ಸುಟ್ಟ ಟೂ-ಸ್ಟ್ರೋಕ್ ಆಯಿಲ್. ನಮ್ಮ ಆಟೋ ನಗರದಾಗ ಈ ವಾಸನಿ ಸತ್ತು ಎಷ್ಟೋ ವರ್ಷ ಆತು. ವಸ್ತಾದರ ಅಂಗಿ ಹಿಂಗ ನಾರ್ತಿತ್ತು, ಅವರು ಉಣ್ಣಾಕ ಕುಂತ್ರ ರೊಟ್ಟಿನೂ ಹಿಂಗ ನಾರ್ತಿತ್ತು. ನಾ ಬಾಗಲದಾಗ ನಿಂತ ಬಿಟ್ನಿ. ನಾರ್ಯಾ ಹಿಂದಿನಿಂದ ಸವಕಾಶ ಒಳಗ ದೂಡಿದ.

ಗೆಲಾ ಎತ್ತರ ಮನಿಷ್ಯಾ, ಬಿಳಿ ಮೀಸಿ, ಮಾತು ಕಮ್ಮಿ. ನಾರ್ಯಾ ಅವರ ಭಾಷಾ ಮುರದು ಮುರದು ಮಾತಾಡ್ತಾನ. ಕೆಲಸ ಬಲ್ಲಾವಗ ಅವರು ಓಸ್ತಾತಿ ಅಂತಾರಂತ. ನಮ್ಮ ವಸ್ತಾದ ಅನ್ನೋ ಮಾತಿನ ಬೀಗರಿದ್ದಂಗ ಐತೆಲ್ಲ ಅನಿಸ್ತು. ಮೆಕ್ಕಿಜೋಳದ ರೊಟ್ಟಿನೂ ಮಾಡ್ತಾರ, ನಮ್ಮದಕ್ಕಿಂತ ನಾಕು ಪಟ್ಟು ದಪ್ಪ. ಗೆಲಾನ ಹೆಂಡತಿಗೆ ನಾ ಬಡದು ತೋರಿಸಿದ್ನಿ, ತೆಳ್ಳಗ. ಆಕಿ ಅದನ್ನ ದೀಪಕ್ಕ ಹಿಡದು, ಆಚೆಗಿನ ಬೆಳಕು ಕಾಣತೈತಿ, ಇದು ಹೊಟ್ಟಿಗೋ ಕಿಟಕಿಗೋ ಅಂದ್ಲಂತ.

ಮಧ್ಯಾಹ್ನದ ಬಿಸಲು

ಮರುದಿನ ಮಧ್ಯಾಹ್ನ ಬಿಸಲು ಚಲೋ ಬಿದ್ದಿತ್ತು. ಕಾರ್ಬೊರೇಟರ್ ಎರಡೂ ಬಿಚ್ಚಿ ತೊಳದ್ನಿ. ನಮ್ಮ ಘಾಟಿನ ಪಾಠ ನನಗ ಬಾಯಿಪಾಠ. ಎತ್ತರ ಏರಿದಂಗ ಗಾಳಿ ತೆಳ್ಳಗ ಆಗ್ತೈತಿ, ಗಾಳಿ ಕಮ್ಮಿ ಆದ್ರ ಪೆಟ್ರೋಲೂ ಕಮ್ಮಿ ಮಾಡಬೇಕು. ಚೋರ್ಲಾ ಘಾಟಕ್ಕಿಂತ ಇದು ಮೂರು ಪಟ್ಟು ಎತ್ತರ. ಅದಕ್ಕ ಜೆಟ್ಟನ್ನೂ ಮೂರು ಮೆಟ್ಟಲ ಕೆಳಗ, ಸಣ್ಣ ತೂತಿಂದಕ್ಕ ಇಳಿಸಿದ್ನಿ. ಶೆಡ್ಡಿನ ಮುಂದಿನ ಬಯಲದಾಗ ನಾರ್ಯಾ ಪೂರಾ ರೇಸ್ ಕೊಟ್ಟು ಓಡಿಸಿದ, ಓಡ್ತಿದ್ದಾಗ್ಲೇ ಇಂಜಿನ್ ಬಂದ್ ಮಾಡಿದ. ಹಂಗ ಬಂದ್ ಮಾಡಿದ್ರ ಪ್ಲಗ್ ಸುಳ್ಳ ಹೇಳಂಗಿಲ್ಲ. ಬಿಚ್ಚಿ ನೋಡಿದ್ವಿ. ಖಾನಾಪುರ ಹಂಚು. ನಾರ್ಯಾನ ಅಪ್ಪ ಹಂಚಿನ ಭಟ್ಟಿಯೊಳಗ ದುಡದಾಂವ, ಬಣ್ಣ ಅವಗ ಯಾರೂ ಹೇಳಿಕೊಡಬೇಕಿಲ್ಲ. ಅಂವ ಆ ಪ್ಲಗ್ ತನ್ನ ಕೈಲೆ ಹೊಳ್ಳಿ ಬಿಗದ.

ಸಂಜೀಕ ಗೆಲಾ ಊಟಕ್ಕ ಕರದ. ಅವರಲ್ಲಿ ಸುಮ್ನ ಕುಡ್ಯಾಂಗಿಲ್ಲ. ಒಬ್ಬ ಎದ್ದು ನಿಂತು, ಯಾರ ನೆನಪಿಗೆ ಅಂತ ಹೇಳಬೇಕು, ಆಮ್ಯಾಲ ಎಲ್ಲಾರೂ ಗ್ಲಾಸ್ ಎತ್ತಬೇಕು. ನಾ ದಾರೂ ಮುಟ್ಟಂಗಿಲ್ಲ, ನನಗ ದ್ರಾಕ್ಷಿ ರಸ ಹಾಕಿದ್ರು. ತೀರಿಕೊಂಡ ಹಿರ್ಯಾರ ಪಾಳಿ ಬಂದಾಗ ಗೆಲಾ ತನ್ನ ಅಪ್ಪನ ಹೆಸರು ಹೇಳಿ, ನನ್ನ ಕಡೆ ನೋಡಿದ. ನಾ ಎದ್ದು ನಿಂತ್ನಿ. ಮೌಲಾಸಾಬ ಅಂದ್ನಿ. ಆ ಬರ್ಫದ ಊರಾಗ, ಆ ಹೆಸರು ಗೊತ್ತಿಲ್ಲದ ಏಳು ಮಂದಿ ಎದ್ದು ನಿಂತು, ಸರಿಯಾಗಿ ಹೇಳಾಕ ಬರದ, ಮೌಲಾಸಾಬ ಅಂತ ಕೂಡಿ ಹೇಳಿದ್ರು. ಬೆಳಗಾವ್ಯಾಗ ನಾವು ಅವರಿಗೆ ಇಷ್ಟೂ ಮಾಡಿರಲಿಲ್ಲ.

ಮುಂಜಾನೆ, ಗುಡ್ಡದ ದಾರಿ

ಮ್ಯಾಲಿನ ಹಳ್ಳಿಗೆ ಮುಂಜಾನೆ ಹೊತ್ತು ಮೂಡುವಾಗ್ಲೇ ಹೋಗಬೇಕು. ಬಿಸಲೇರಿದ್ರ ಬರ್ಫ ಸಡ್ಲಾಗಿ ಜಾರತೈತಿ. ಗೆಲಾ ಗಾಡಿ ಮ್ಯಾಲ ಕುಂತ. ನಾರ್ಯಾ ಹಿಂದಿನ ಬಂಡ್ಯಾಗ, ಹಿಟ್ಟಿನ ಚೀಲದ ನಡುವ. ನೀ ಒಲಿ ಮುಂದ ಕುಂದ್ರು, ನಾವು ಹೋಗಿ ಬರ್ತೇವಿ ಅಂತ ಗೆಲಾ ಹೇಳಿಸಿದ. ಥಂಡಿ ಅಂದ್ರ ಹಲ್ಲಿನ ಬೇರಿಗೆ ಹತ್ತೋ ಥಂಡಿ. ಖರೇ ಹೇಳ್ತೇನಿ, ನನಗೂ ಒಲಿನ ಬೇಕಾಗಿತ್ತು. ಆದ್ರ ವಸ್ತಾದರ ನೇಮ ಐತೆಲ್ಲ. ಗೆಲಾನ ಹಿಂದ ಹತ್ತಿ ಕುಂತ್ನಿ. ನಾರ್ಯಾ ಗೆಲಾಗ ಏನೋ ಹೇಳಿದ, ಗೆಲಾ ತಲಿ ಆಡಿಸಿ ಸ್ವಲ್ಪ ಮುಂದ ಸರದ.

ಗಾಡಿ ಎಂಥಾ ಚಂದ ಏರಿತು ಅಂತೀರಿ. ಕೆಮ್ಮಿಲ್ಲ, ತಡವರಕಿ ಇಲ್ಲ. ಬರ್ಫ ಎರಡೂ ಬಾಜೂ ಗಿರಣಿ ಹಿಟ್ಟಿನಂಗ ಹಾರಾಕತ್ತಿತ್ತು. ಗೆಲಾ ಹೆಬ್ಬಟ್ಟು ಎತ್ತಿ ತೋರಿಸಿದ, ಹಿಂದ ನಾರ್ಯಾ ಸಿಳ್ಳಿ ಹೊಡದ. ಅರ್ಧ ಏರಿದ ಮ್ಯಾಲ ಸಪ್ಪಳ ಇನ್ನೂ ಚಂದ ಆತು. ತೆಳ್ಳಗ, ಚೊಕ್ಕ, ಮ್ಯಾಲ ಮ್ಯಾಲ ಏರಾಕತ್ತಿತು.

ಪೆಟ್ರೋಲ್ ಸಾಲದ ಟೂ-ಸ್ಟ್ರೋಕು ಸಾಯೋ ಮುಂಚೆ ಹಿಂಗ ಹಾಡ್ತೈತಿ. ಅದನ್ನ ಕೇಳಿ ಖುಷಿ ಆದಾವರೆಲ್ಲಾ ಆಮ್ಯಾಲ ಗಾಡಿ ದೂಡ್ಯಾರ. ಕೂಗಿದ್ರ ಗೆಲಾಗ ಕೇಳಂಗಿಲ್ಲ, ಕೇಳಿದ್ರೂ ತಿಳ್ಯಾಂಗಿಲ್ಲ. ಗಾಡಿಯಿಂದ ಅವನ ಕೋಟಿಗೆ ಒಂದು ದಾರ ಕಟ್ಟಿರ್ತಾರ, ಸವಾರ ಬಿದ್ರ ದಾರ ಕಿತ್ತು ಇಂಜಿನ್ ನಿಂದ್ರಲಿ ಅಂತ. ಕೈ ಮುಂದ ಹಾಕಿ ಆ ದಾರ ಕಿತ್ತ ಬಿಟ್ನಿ.

ಇಂಜಿನ್ ನಿಂತಿತು. ಏರಿನ್ಯಾಗ ನಿಂತ್ರ ಗಾಡಿ ಬರ್ಫದಾಗ ಕುಸೀತೈತಿ. ಕುಸೀತು, ನಮ್ಮ ಸೊಂಟದ ತನಕ. ಗೆಲಾ ಹಿಂದ ಹೊಳ್ಳಿ ನನಗ ಬೈದ. ತಿಳೀಲಿಲ್ಲ, ಖರೇ ಬೈಗುಳ ಯಾವ ಭಾಷಾದಾಗ ಇದ್ರೂ ಬೈಗುಳನ. ನಾರ್ಯಾ ಬಂಡಿಯಿಂದ ಜಿಗದು ಬಂದ, ಮಾರಿ ಮ್ಯಾಲ ಹಿಟ್ಟು. ಅಂವ ಬೈಲಿಲ್ಲ. ಒಂದ ಕೇಳಿದ.

"ಹೋತೇನು?"

ಗೊತ್ತಿಲ್ಲ ಅಂದ್ನಿ. ಪ್ಲಗ್ ಬಿಚ್ಚಿದ್ನಿ. ಸುಣ್ಣದಷ್ಟು ಬೆಳ್ಳಗ ಆಗಿತ್ತು. ಸ್ಟಾರ್ಟರ್ ಹಗ್ಗ ನಾರ್ಯಾನ ಕೈಯಾಗ ಕೊಟ್ಟು, ಸವಕಾಶ ಎಳಿ ಅಂದ್ನಿ. ಪಿಸ್ಟನ್ ಹಿಡದಿದ್ರ ಹಗ್ಗ ಬರಂಗಿಲ್ಲ. ಹಗ್ಗ ಒಂದು ಗೇಣು ಬಂತು, ಆಮ್ಯಾಲ ಒಂದು ಮೊಳ ಬಂತು. ಪಿಸ್ಟನ್ ಹಗೂರ ಓಡಾಡಾಕತ್ತಿತ್ತು. ನಾರ್ಯಾ ಅಲ್ಲೇ ಬರ್ಫದ ಮ್ಯಾಲ ಕುಂತ.

ಆಗ ನನಗ ತಿಳೀತು. ಥಂಡಿ ಗಾಳಿ ದಪ್ಪ, ಅದಕ್ಕ ಪೆಟ್ರೋಲೂ ಹೆಚ್ಚು ಬೇಕು. ಎತ್ತರಕ್ಕ ಗಾಳಿ ತೆಳ್ಳಗ ಆಗತೈತಿ ಅಂತ ನಾ ಪೆಟ್ರೋಲ್ ಇಳಿಸಿದ್ನಿ, ಹೊತ್ತು ಮೂಡೋ ಥಂಡಿಗೆ ಅದ ಗಾಳಿ ಮತ್ತ ದಪ್ಪ ಆಗಿ ಕುಂತಿತ್ತು. ಮಧ್ಯಾಹ್ನದ ಬಿಸಲಾಗ ಕೂಡಿಸಿದ ಮಿಕ್ಸ್ಚರ್ ಮುಂಜಾನೆಗೆ ಸಾಲಲಿಲ್ಲ. ಬೆಳಗಾವ್ಯಾಗ ಥಂಡಿ ಅಂದ್ರ ಒಂದು ಸ್ವೆಟರ್, ಒಂದು ಕಪ್ ಚಹಾ. ಜೆಟ್ ಬದಲಿ ಮಾಡೋ ಥಂಡಿ ನಮ್ಮ ವಸ್ತಾದರೂ ಕಂಡಿರಲಿಲ್ಲ.

"ತಪ್ಪು ನಂದು, ನಾರ್ಯಾ. ನಿನ್ನ ಸೈಲೆನ್ಸರ್ ಸರಿ ಐತಿ. ನಾ ಎತ್ತರ ಅಷ್ಟ ನೋಡಿದ್ನಿ, ಥಂಡಿ ನೋಡ್ಲಿಲ್ಲ. ಗೆಲಾಗ ಇದನ್ನ ಹಂಗ ಹೇಳು."

ನಾರ್ಯಾ ಹೇಳಿದ. ಗೆಲಾ ಬಂಡಿಯಿಂದ ಸಲಿಕಿ ತಗದ.

ಡಬ್ಬಿ ನನ್ನ ಕಿಸೇದಾಗ ಇತ್ತು. ಕೈಗವಸು ಹಾಕ್ಕೊಂಡು ಜೆಟ್ ಹಿಡ್ಯಾಕ ಆಗಂಗಿಲ್ಲ, ಬರಿಗೈಲೆ ಕಾರ್ಬೊರೇಟರ್ ಬಿಚ್ಚಿದ್ನಿ. ಆ ಥಂಡ್ಯಾಗ ಪೆಟ್ರೋಲ್ ಬೆರಳಿಗೆ ತಾಗಿದ್ರ ಕೆಂಡ ತಾಗಿದಂಗ. ಮೊದಲಿನ ಕಾರ್ಬೊರೇಟರ್ ಹೆಂಗೋ ಮುಗೀತು. ಎರಡನೇದಕ್ಕ ಬೆರಳು ಮಾತು ಕೇಳವಲ್ದು, ಜೆಟ್ ಹಿಡದೇನೋ ಬಿಟ್ಟೇನೋ ಗೊತ್ತಾಗವಲ್ದು. ಬಿದ್ರ ಆ ಬರ್ಫದಾಗ ಯಾರು ಹುಡುಕ್ತಾರ? ಆಗ ಗೆಲಾ ಮುಂದ ಬಂದ. ತನ್ನ ಕೋಟಿನ ಗುಂಡಿ ಬಿಚ್ಚಿ, ನನ್ನ ಎರಡೂ ಕೈ ಹಿಡದು ತನ್ನ ಕಂಕಳದಾಗ ಒತ್ತಿ ಹಿಡದ. ಅವನ ಮಾರಿ ಮ್ಯಾಲ ಸಿಟ್ಟು ಹಂಗ ಇತ್ತು. ಅವನ ಎದಿ ಬಡತ ನನ್ನ ಕೈಗೆ ತಿಳೀತಿತ್ತು. ಕೈಗೆ ಜೀವ ಬಂದ ಮ್ಯಾಲ ಎರಡನೇ ಜೆಟ್ ಕುಂದ್ರಿಸಿದ್ನಿ, ಎರಡೂ ಹಿಂದಿನ ದಿನ ಹಾಕಿದ್ದಕ್ಕಿಂತ ನಾಕು ಮೆಟ್ಟಲ ದೊಡ್ಡವು.

ಇಂಜಿನ್ ಚಾಲೂ ಆತು. ಈಗ ಸಪ್ಪಳ ಸ್ವಲ್ಪ ಒರಟು, ಗಂಟಲದಾಗ ಕಫ ಇದ್ದಂಗ. ನನಗ ಅದು ಬೇಕಾಗಿತ್ತು. ಸಲಿಕಿಲೆ ಬರ್ಫ ತಗದು, ದೂಡಿ, ಏರಿದ್ವಿ. ಮ್ಯಾಲಿನ ಹಳ್ಳ್ಯಾಗ ಹನ್ನೊಂದು ಮನಿ. ಹಿಟ್ಟು ಇಳಸಕೊಂಡ ಒಬ್ಬ ಹೆಣ್ಣಮಗಳು ನಮ್ಮನ್ನ ನೋಡಿ, ಇವತ್ತ ಯಾಕ ತಡಾ ಅಂತ ಕೇಳಿದ್ಲಂತ. ಗೆಲಾ ನನ್ನ ಕಡೆ ಬಟ್ಟು ಮಾಡಿ, ಓಸ್ತಾತಿ ದಾರ್ಯಾಗ ನಿಂದ್ರಿಸಿದ ಅಂದನಂತ.

ಶೆಡ್ಡಿನ ಗ್ವಾಡಿ

ಆಮ್ಯಾಲ ಐದು ದಿನ ನಾನೂ ನಾರ್ಯಾನೂ ಬ್ಯಾರೆ ಕೆಲಸ ಮಾಡಲಿಲ್ಲ. ಗೆಲಾನ ಹೆಂಡತಿ ದನದ ಕೊಟ್ಟಿಗಿ ಬಾಗಲಕ್ಕ ಥಂಡಿ ಎಷ್ಟೈತಿ ಅಂತ ತೋರಸೋ ಥರ್ಮಾಮೀಟರ್ ತೂಗಹಾಕಿದ್ಲು, ಅದನ್ನ ಕೇಳಿ ತಂದ್ವಿ. ಮುಂಜಾನೆ, ಮಧ್ಯಾಹ್ನ, ಸಂಜೀಕ ಗಾಡಿ ಓಡಸೂದು, ಪ್ಲಗ್ ನೋಡೂದು, ಎಷ್ಟು ಥಂಡಿಗೆ ಯಾವ ಜೆಟ್ ಅಂತ ಗ್ವಾಡಿ ಮ್ಯಾಲ ಬರಿಯೂದು. ನಾ ಕನ್ನಡದಾಗ ಬರದ್ನಿ. ಅದರ ಬಾಜೂ ನಾರ್ಯಾ ಮರಾಠ್ಯಾಗ ಬರದ. ಅದರ ಬಾಜೂ ಗೆಲಾ ತನ್ನ ಭಾಷಾದಾಗ ಬರದ, ಅವರ ಅಕ್ಷರ ನಮ್ಮ ಕನ್ನಡದಂಗ ದುಂಡಗ ಅದಾವ. ನನ್ನ ಅಕ್ಷರ ಸೊಟ್ಟ ಆಗಿದ್ವು. ಯಾರೂ ನಗಲಿಲ್ಲ.

ಹೊರಡೋ ದಿನ ಜೆಟ್ಟಿನ ಡಬ್ಬಿ ನಾರ್ಯಾಗ ಕೊಟ್ನಿ. ಇನ್ನ ಜೆಟ್ ಹಾಕೋದು ನೀನ, ಮೊದಲ ಏರಿಗೆ ಹಿಂದ ಕುಂದ್ರೋದೂ ನೀನ ಅಂದ್ನಿ. ಅಂವ ಹೂಂ ಅಂದ. ಬಸ್ಸು ಹೊಂಟ ಮ್ಯಾಲ ಹೊಳ್ಳಿ ನೋಡಿದ್ರ, ಟೊಪಗಿ ತಗದು ಕೈಯಾಗ ಹಿಡಕೊಂಡು ನಿಂತಿದ್ದ, ಆ ಥಂಡ್ಯಾಗ.

ತಿರುಗಿ ಬೆಳಗಾವಿ

ಉಳದ ಚಳಿಗಾಲ ಪೂರಾ ನಾರ್ಯಾ ದಿನಾ ಮುಂಜಾನೆ ಎರಡು ಅಂಕಿ ಕಳಸ್ತಿದ್ದ, ಒಂದು ಥಂಡಿ, ಒಂದು ಜೆಟ್. ನಾ ಚಹಾ ಕುಡೀತಾ ನೋಡಿ, ಸರಿ ಐತಿ ಅಂತ ಒತ್ತತಿದ್ನಿ. ಯುಗಾದಿ ಆಗಿ ಒಂದು ವಾರಕ್ಕ ಅಂಕಿ ಬರೋದು ನಿಂತಿತು. ಬರ್ಫ ಕರಗಿ ಮ್ಯಾಲಿನ ಹಳ್ಳಿಗೆ ರಸ್ತಾ ತಗದಿತ್ತಂತ. ಆಮ್ಯಾಲ ಒಂದ ಫೋಟೋ ಬಂತು. ಇಂಜಿನ್ ಬಿಚ್ಚಿ, ಎರಡೂ ಪಿಸ್ಟನ್ ಒಂದು ಬಿಳಿ ಅರಿವಿ ಮ್ಯಾಲ ಇಟ್ಟು ತಗದ ಫೋಟೋ. ಸುಟ್ಟ ಕಲಿ ಇಲ್ಲ, ಒಂದು ಗೆರಿ ಇಲ್ಲ. ಮುಂದಿನ ಚಳಿಗಾಲಕ್ಕೂ ಇಲ್ಲೇ ಇರು ಅಂತ ಗೆಲಾ ಹೇಳ್ಯಾನ ಅಂತ ಕೆಳಗ ಬರದಿದ್ದ.

ಆ ಫೋಟೋ ಹಿಡಕೊಂಡು ಆಟೋ ನಗರ ಪೂರಾ ಅಡ್ಡಾಡಿದ್ನಿ. ಬಸಣ್ಣ ನೋಡಿ, ಚಲೋ ಐತಿ ಅಂದು ಲೇಥ್ ಕಡೆ ಹೊಳ್ಳಿದ. ಸ್ಪೇರ್ ಪಾರ್ಟ್ಸ್ ಅಂಗಡ್ಯಾವ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದ. "ಏನ್ ತೋರಸಾಕತ್ತೀರಿ ಕಾಕಾ? ಇದರಾಗ ಏನೂ ಆಗಿಲ್ಲಲ್ಲ" ಅಂದ.

ಏನೂ ಆಗಿಲ್ಲ ಅನ್ನೋದನ್ನ ತೋರಸಾಕ ಬಂದಿದ್ನಿ ಅಂತ ಅವಗ ಹೆಂಗ ಹೇಳ್ಲಿ? ಅದನ್ನ ನೋಡಿ ತಿಳ್ಕೊಳ್ಳೋ ಒಬ್ಬ ಮನಿಷ್ಯಾ ಈಗ ಇಲ್ಲ, ಇನ್ನೊಬ್ಬ ಜಾರ್ಜಿಯಾದಾಗ ಅದಾನ. ಅದಕ್ಕ ನಿಮ್ಮ ಮುಂದ ಇಷ್ಟು ಉದ್ದ ಬರದ್ನಿ. ನಿಮ್ಮ ಕೈಯಾಗೂ ಹಿಂತಾ ಒಂದು ಹಳೀ ಕೆಲಸ ಇದ್ರ, ಊರಾಗ ಯಾರೂ ಕೇಳದ ಅದು ದೂರ ಎಲ್ಲೋ ಯಾರಿಗೋ ಉಪಯೋಗ ಬಿದ್ದಿದ್ರ, ನನಗ ಬರೀರಿ. ನಾ ಓದೋದು ಸವಕಾಶ. ಖರೇ ಪೂರಾ ಓದ್ತೇನಿ.